ಕಡಲ ಏರಿಯ ಮೇಲೆ ಲಿಸ್ಬನ್ ತಾಲೀಮು

ಲಿಸ್ಬನ್ನಿನಲ್ಲಿ ನನ್ನ ಗಾಲಿಕುರ್ಚಿಯನ್ನು ಯಾರೂ ತಳ್ಳಕೂಡದು. ಪ್ರವಾಸದ ಮಾತೆತ್ತಿದ ದಿನವೇ ಗಂಡನಿಗೆ ನಾನು ಹಾಕಿದ ಷರತ್ತು ಇದೊಂದೇ. ಡೌವೆ "ಆಯ್ತು" ಅಂದ. ಅವನು ಯಾವುದಕ್ಕೂ ಮೊದಲು ಆಯ್ತು ಅನ್ನುತ್ತಾನೆ, ಯೋಚನೆ ಆಮೇಲೆ.

ನನ್ನ ಹಟಕ್ಕೆ ಕಾರಣ ಇದೆ. ಕಾಲು ಸೋತ ಹೊಸದರಲ್ಲಿ ಅವನು ನನ್ನನ್ನು ತಳ್ಳಿಕೊಂಡು ಸಂತೆಗೆ ಕರೆದುಕೊಂಡು ಹೋಗಿದ್ದ. ಮೀನಿನ ಗಾಡಿಯವನು ನನ್ನ ತಲೆಯ ಮೇಲಿಂದ ಡೌವೆಯನ್ನು ಕೇಳಿದ, "ಇವರಿಗೆ ಹೆರಿಂಗ್ ಮೇಲೆ ಈರುಳ್ಳಿ ಹಾಕ್ಲಾ?" ಹುಟ್ಟಿದಾಗಿನಿಂದ ಅವನ ಅಪ್ಪನ ಗಾಡಿಯಲ್ಲೇ ಮೀನು ತಿಂದವಳು ನಾನು! "ಇವರಿಗೆ ಬಾಯಿ ಇದೆ ಕಣಯ್ಯ. ಹಾಕು, ಜಾಸ್ತೀನೇ ಹಾಕು" ಅಂದೆ. ಹಿಂದೆ ಒಬ್ಬ ತಳ್ಳುವವನು ನಿಂತರೆ ಮುಂದೆ ಕೂತವಳು ಮೂಟೆಯಾಗಿಬಿಡುತ್ತಾಳೆ ಅನ್ನುವುದು ಅವತ್ತು ಅರ್ಥವಾಯಿತು. ಆಮೇಲೆ ಕುರ್ಚಿಯ ಹಿಂದಿನ ಹಿಡಿಗಳನ್ನು ಯಾರೂ ಮುಟ್ಟಲು ಬಿಟ್ಟಿಲ್ಲ.

ನಾನು ಟೈಲ್ಸ್ ಮೇಲೆ ಚಿತ್ರ ಬರೆಯುವವಳು. ಡಚ್ ಕರಾವಳಿಯ ನಮ್ಮ ಫ್ರೀಸ್‌ಲ್ಯಾಂಡ್‌ನ ಹಡಗು, ಹಸು, ಹಕ್ಕಿಗಳನ್ನು ನೀಲಿ ಬಣ್ಣದಲ್ಲಿ ಬರೆದು ಬರೆದು ಕಣ್ಣೇ ನೀಲಿಯಾಗಿದೆ. ಲಿಸ್ಬನ್ನಿನ ಹಳೆಯ ಪೇಟೆಯ ಒಂದು ಚರ್ಚಿನಲ್ಲಿ ನೆಲದಿಂದ ಸೂರಿನವರೆಗೆ ಬರೀ ನೀಲಿ ಟೈಲ್ಸಿನ ಗೋಡೆಯಿದೆ. ಅದನ್ನು ಡೌವೆಯ ಪಕ್ಕದಲ್ಲಿ ನಿಂತು, ಅಂದರೆ ಕೂತು, ನೋಡಬೇಕು ಅನ್ನುವುದು ನನ್ನ ಬಹುದಿನದ ಆಸೆ.

ಡೌವೆ ಯೋಜನೆಗೆ ಕೂತ. ನಿವೃತ್ತನಾಗುವವರೆಗೆ ಅವನು ಕಾಲುವೆಯ ಸೇತುವೆಯಲ್ಲಿ ಕೂತು, ದೋಣಿ ಬಂದಾಗ ಸೇತುವೆಯನ್ನೇ ಎತ್ತಿ, ದಾರಿ ಬಿಟ್ಟು, ಮತ್ತೆ ಇಳಿಸುತ್ತಿದ್ದವನು. ಯಾವುದು ಯಾವುದರೊಳಗೆ ತೂರುತ್ತದೆ ಅನ್ನುವುದೇ ಅವನ ಜೀವನದ ಚಿಂತೆ. ಲಿಸ್ಬನ್ನಿನ ವಸತಿಗೃಹಗಳಿಗೆಲ್ಲ ಬರೆದ, ಬಚ್ಚಲಿನ ಬಾಗಿಲಿಗೆ ಅಳತೆ ಟೇಪು ಹಿಡಿದು ಫೋಟೋ ಕಳಿಸಿ ಅಂತ. ಕಳಿಸಿದರು, ಪಾಪ. ನಾವು ಊಟಕ್ಕೆ ಕೂತರೆ ಮೇಜಿನ ತುಂಬ ಕಂಡವರ ಕಮೋಡುಗಳು.

ಕೊನೆಗೆ ಡೋನಾ ಗ್ರಾಸಿಯೆತೆ ಅನ್ನುವ ಹೆಂಗಸಿನ ಮನೆ ಗೊತ್ತಾಯಿತು. ಅಗಲವಾದ ಬಾಗಿಲು, ಹೊಸ್ತಿಲಿಲ್ಲ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ. ಚರ್ಚು ಅದೇ ಬೀದಿಯ ತುದಿಯಲ್ಲಿ. ಡೌವೆ ನಕ್ಷೆಯ ಮೇಲೆ ಸ್ಕೇಲಿಟ್ಟು, "ನಮ್ಮನೆಯಿಂದ ಬೇಕರಿಗೆ ಹೋದಷ್ಟೇ ಕಣೆ!" ಅಂದ. ವಿಮಾನದ ಟಿಕೆಟ್ಟೂ ತೆಗೆದೆವು.

ಆಮೇಲೊಂದು ದಿನ ಗ್ರಾಸಿಯೆತೆ ವೀಡಿಯೋದಲ್ಲಿ ಮನೆ ತೋರಿಸಿದರು. ಕೋಣೆ ಚೆನ್ನಾಗಿತ್ತು. ಬೀದಿಯನ್ನೂ ತೋರಿಸುತ್ತೇನೆ ಅಂತ ಹೊರಗೆ ಬಂದರು. ಡೌವೆ ತಲೆ ಓರೆ ಮಾಡಿ ನೋಡಿದ.

"ಫೋನು ಸೊಟ್ಟ ಹಿಡಿದಿದ್ದೀರಿ. ಸ್ವಲ್ಪ ನೆಟ್ಟಗೆ ಹಿಡೀರಿ."

"ನೆಟ್ಟಗೇ ಹಿಡಿದಿದ್ದೀನಿ."

"ಇಲ್ಲ, ಬೀದಿ ಮೇಲಕ್ಕೆ ಹೋಗ್ತಿದೆ."

"ಹೋಗದೆ ಇನ್ನೇನು ಮಾಡತ್ತೆ? ಬೆಟ್ಟ ಅಲ್ವಾ!" ಆಕೆ ನಕ್ಕ ನಗುವಿಗೆ ಎದುರು ಮನೆಯವರು ಕಿಟಕಿ ತೆಗೆದರು.

ಇಸ್ತ್ರಿ ಮಾಡಿದಂಥ ನೆಲದಲ್ಲಿ ಹುಟ್ಟಿದವರು ನಾವು. ಬಾಗಿಲು, ಹೊಸ್ತಿಲು, ಕಮೋಡಿನ ಎತ್ತರ ಎಲ್ಲ ಕೇಳಿದ್ದೆವು. ಊರು ಚಪ್ಪಟೆಯಾಗಿದೆಯೇ ಅಂತ ಕೇಳಬೇಕು ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಆ ಭಾನುವಾರ ನಮ್ಮಣ್ಣ ಹಿಲ್ಕೆಯ ಹುಟ್ಟುಹಬ್ಬ. ಬಂಧುಬಳಗವೆಲ್ಲ ಸುತ್ತ ಕುರ್ಚಿ ಹಾಕಿಕೊಂಡು, ಕಾಫಿ ಕುಡಿಯುತ್ತ, ನನ್ನ ಪ್ರವಾಸವನ್ನು ಕೇಕಿನ ಜೊತೆ ಹಂಚಿಕೊಂಡು ತಿಂದರು.

"ಬ್ರೂಜ್‌ಗೆ ಹೋಗೇ. ಅದೂ ಹಳೇ ಊರೇ, ಚಪ್ಪಟೆ ಬೇರೆ" ಅಂದಳು ಅತ್ತಿಗೆ.

"ಬೇಡ ಬಿಡು, ನಾವೊಂದು ನಾಲ್ಕು ಜನ ಜೊತೆಗೆ ಬರ್ತೀವಿ. ಎತ್ಕೊಂಡು ಹೋಗಿಬಿಡೋಣ" ಅಂದ ಹಿಲ್ಕೆ.

"ನಾನೇನು ಸೋಫಾನಾ?" ಮೈಯೆಲ್ಲ ಉರಿದುಹೋಯಿತು. "ಬನ್ನಿ ಎಲ್ಲ, ಕಡಲ ಏರಿಗೆ. ನಾನು ಹತ್ತಿ ತೋರಿಸ್ತೀನಿ."

ಕಡಲು ಊರೊಳಗೆ ನುಗ್ಗದ ಹಾಗೆ ಹಾಕಿದ ಮಣ್ಣಿನ ಏರಿ ಅದು; ನಮ್ಮೂರಿನಲ್ಲಿ ಇಳಿಜಾರು ಅಂತ ಇರುವುದು ಅದೊಂದೇ. ಟ್ರ್ಯಾಕ್ಟರುಗಳು ಏರಿಯನ್ನು ದಾಟಲು ಓರೆಯಾಗಿ ಮಾಡಿದ ದಾರಿ, ಅಕ್ಕಪಕ್ಕ ಮೇಯುವ ಕುರಿಗಳು. ಎಲ್ಲರೂ ಕಾಫಿ ಲೋಟ ಹಿಡಿದುಕೊಂಡೇ ಬಂದರು. ನಾನು ಚಕ್ರಕ್ಕೆ ಕೈ ಹಾಕಿದೆ. ಮೊದಲು ಸಲೀಸಾಗಿತ್ತು. ಅರ್ಧಕ್ಕೆ ಬರುವಾಗ ಚಕ್ರ ಒಂದು ಗೇಣೂ ಮುಂದೆ ಹೋಗದಾಯಿತು. ದಾರಿಯ ನಡುವೆ ನಿಂತ ಒಂದು ಕುರಿ ಹುಲ್ಲು ಅಗಿಯುತ್ತ ನನ್ನನ್ನೇ ನೋಡುತ್ತಿತ್ತು. ಹಿಲ್ಕೆ ಹಿಡಿಗೆ ಕೈ ಚಾಚಿದ.

"ಮುಟ್ಟಿದ್ರೆ ಹುಷಾರ್!"

ಕುರ್ಚಿ ಹಿಂದಕ್ಕೆ ಉರುಳದ ಹಾಗೆ ಅಡ್ಡ ತಿರುಗಿಸಿ, ಬ್ರೇಕು ಹಾಕಿ, ಡೌವೆ ಎಲ್ಲಿ ಅಂತ ನೋಡಿದೆ. ಅವನು ಎಲ್ಲರಿಗಿಂತ ಕೆಳಗೆ, ಬೇಲಿಯ ಗೂಟ ಹಿಡಿದು ನಿಂತಿದ್ದ. ಬಲಗಾಲು ಮಡಿಸಲಾಗುತ್ತಿಲ್ಲ. ಮುಖ ಬಿಳಿಚಿಕೊಂಡಿದೆ. ಎಲ್ಲರ ಕಣ್ಣೂ ನನ್ನ ಮೇಲಿದ್ದದ್ದರಿಂದ ಅವನನ್ನು ಯಾರೂ ನೋಡಿರಲಿಲ್ಲ. ನಾನು ಮೆಲ್ಲನೆ ಕೆಳಗಿಳಿದು ಅವನ ಹತ್ತಿರ ಹೋದೆ.

"ಏನೋ ಇದು?"

"ಏನಿಲ್ಲ. ಗಾಳಿ ಜೋರು."

"ಗಾಳಿ ಬರೀ ಮಂಡಿಗೆ ಬಡೀತಾ?"

ಅವನು ಗೂಟಕ್ಕೆ ಒರಗಿ ಮಂಡಿ ತಿಕ್ಕಿಕೊಂಡ. "ಬಹಳ ದಿನದಿಂದ ಹೀಗೇ ಕಣೆ. ಚಪ್ಪಟೆ ನೆಲದಲ್ಲಿ ಗೊತ್ತಾಗಲ್ಲ. ಆ ಬೀದಿ ನೋಡಿದಾಗಿಂದ ಒಂದೇ ಯೋಚನೆ. ನೀನು ಹೇಗಾದ್ರೂ ಹತ್ತಿಬಿಡ್ತೀಯ. ನಾನು ಕೆಳಗೇ ಉಳ್ಕೊಂಡುಬಿಡ್ತೀನಿ."

"ಒಂದು ಕೋಲು ತಗೊಳ್ಳೋದಲ್ವಾ?"

"ಜನ ಮುದುಕ ಅಂತಾರೆ."

ಗಾಲಿಕುರ್ಚಿಯಲ್ಲಿ ಕೂತ ಹೆಂಡತಿಯ ಮುಂದೆ ಒಂದು ಕೋಲಿಗೆ ನಾಚುತ್ತಾನೆ! ಬೈಯಬೇಕೆಂದು ಬಾಯಿ ತೆರೆದೆ. ಆದರೆ ನಾಚಿಕೆ ಅನ್ನುವುದು ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು.

ಮರುವಾರ ಬಾಡಿಗೆಗೆ ಒಂದು ಪುಟ್ಟ ಮೋಟಾರು ಚಕ್ರ ತಂದೆವು. ಕುರ್ಚಿಯ ಕೆಳಗೆ ಸಿಕ್ಕಿಸುವಂಥದ್ದು, ಹೊರಗೆ ಕಾಣುವುದಿಲ್ಲ, ಸದ್ದೂ ಕಡಿಮೆ. ಅದರ ಬ್ಯಾಟರಿಗೆ ವಿಮಾನದವರ ಒಪ್ಪಿಗೆ ಪಡೆಯುವ ಜವಾಬ್ದಾರಿ ಡೌವೆಯದು. ಆಮೇಲೆ ಇಬ್ಬರೇ ಏರಿಗೆ ಹೋದೆವು. "ಹಿಡಿ ಹಿಡ್ಕೋ" ಅಂದೆ. ಅವನು ನಂಬಲಾರದೆ ನಿಂತ. "ಹಿಡ್ಕೊಳ್ಳೋ ಮಾರಾಯ, ಬಿಟ್ಟೆಯೋ ಇಲ್ಲೇ ಬಿಟ್ಟು ಹೋಗ್ತೀನಿ."

ಗುಂಡಿ ಒತ್ತಿದೆ. ಕುರ್ಚಿ ಹತ್ತತೊಡಗಿತು. ಹಿಡಿಗೆ ಭಾರ ಬಿಟ್ಟ ಡೌವೆ ಹಿಂದೆ ಹಿಂದೆ, ನನ್ನಿಂದ ಎಳೆಸಿಕೊಳ್ಳುತ್ತ, ಕಾಲು ಎಳೆದು ಹಾಕುತ್ತ ಬಂದ. ಒಮ್ಮೆಯೂ ನಿಲ್ಲಲಿಲ್ಲ. ಮೇಲೆ ತಲುಪಿದಾಗ ಕಡಲು ತುಂಬಿಕೊಂಡಿತ್ತು. ಇಬ್ಬರೂ ಮಕ್ಕಳ ಹಾಗೆ ನಕ್ಕೆವು.

ಸೈಕಲ್ಲಿನಲ್ಲಿ ಬಂದ ಒಬ್ಬ ಅಪರಿಚಿತ ಹೆಂಗಸು ನಮ್ಮನ್ನು ನೋಡಿ ನಿಲ್ಲಿಸಿದಳು. ಮಾತಾಡಿದ್ದು ಡೌವೆಯ ಜೊತೆಗೆ, ನನ್ನ ತಲೆಯ ಮೇಲಿಂದ.

"ಅಬ್ಬಾ, ಈ ಏರಿನಲ್ಲಿ ಹೆಂಡತೀನ ತಳ್ಕೊಂಡು ಬಂದ್ರಲ್ಲ! ನೀವು ದೊಡ್ಡವರು ಕಣ್ರೀ."

ಡೌವೆ ಕೆಮ್ಮಿದ. "ಇಲ್ಲ, ನಿಜ ಹೇಳ್ಬೇಕು ಅಂದ್ರೆ..."

ನಾನು ಮೋಟಾರು ಆರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

"ಹೂಂ ಕಣಮ್ಮ, ನಮ್ಮೋರ ತೋಳಲ್ಲಿ ಭಾರೀ ಕಸುವು" ಅಂದೆ. "ಮುಂದಿನ ತಿಂಗಳು ಲಿಸ್ಬನ್ನಿನ ಬೆಟ್ಟಾನೂ ಹೀಗೇ ಹತ್ತಿಸ್ತಾರೆ."