ಅರ್ಧ ಮೊಳ ಕಡಿಮೆಯ ಕಟ್ಟೆ

ಅಂಕೋಲೆಯ ಬಳಿಯ ಹಳ್ಳಿಯೊಂದರಲ್ಲಿ ನಾನು ಹೊಸದಾಗಿ ಶಿಕ್ಷಕಿಯಾಗಿದ್ದ ವರ್ಷ, ಹೊಳೆದಂಡೆಯ ತಗ್ಗಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಮಣ್ಣಿನ ಕಟ್ಟೆ ಒಡೆಯಿತು. ಅಮಾವಾಸ್ಯೆಯ ಭರತಕ್ಕೆ, ಕಡಲುಕ್ಕಿ ಹೊಳೆಗೆ ನೀರೇರುವ ಹೊತ್ತಿಗೆ, ಹನ್ನೊಂದೇ ದಿನವಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಊರ ಹೆಂಗಸರನ್ನು ಕೂಡಿಸಿಕೊಂಡು, ಜೇಡಿಮಣ್ಣು ಹೊತ್ತು ಅದನ್ನು ಮತ್ತೆ ಎಬ್ಬಿಸಿದೆವು. ಆ ಸಲದ ಕಗ್ಗ ತಳಿಯ ಭತ್ತ ಉಳಿಯಿತು. ಹಿಡಿದ ಕೆಲಸವನ್ನು ನಡುವೆ ಬಿಡದವಳೆಂಬ ಹೆಸರು ನನಗಂಟಿತು. ಆ ಹೆಸರನ್ನು ನಾನೂ ಅಕ್ಕರೆಯಿಂದ ಸಾಕಿಕೊಂಡು ಬಂದೆ.

ಕಳೆದ ವರ್ಷ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಮೂರು ವಾರಕ್ಕೊಂದರಂತೆ, ವರ್ಷಕ್ಕೆ ಹದಿನೆಂಟು ಇಂಜೆಕ್ಷನ್. ಈಗಿರುವ ಹಬ್ಬುವಾಡದ ಮನೆಯ ಕ್ಯಾಲೆಂಡರಿನಲ್ಲಿ ಹದಿನೆಂಟು ಚೌಕ ಬರೆದಿಟ್ಟೆ. ಒಂಬತ್ತು ತುಂಬಿದ್ದವು. ಈ ಸೋಮವಾರ ವೈದ್ಯರು ಹೃದಯದ ಎಕೋ ವರದಿ ನೋಡಿ ಪೆನ್ನು ಕೆಳಗಿಟ್ಟರು.

"ಕಲಾವತಿ ಅಕ್ಕೋರೆ, ವರ್ಷ ಪೂರೈಸುದೇ ರೂಢಿ. ಆದ್ರೆ ಈ ಇಂಜೆಕ್ಷನ್‌ನಿಂದ ನಿಮ್ಮ ಹೃದಯದ ಬಲ ಇಳ್ದದೆ. ಆರು ತಿಂಗಳಿಗೇ ನಿಲ್ಸಿದವರ ಮೇಲೂ ಅಧ್ಯಯನ ಆಗಿದೆ. ಹೆಚ್ಚಿನವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿದ್ರು. ನಿಮಗೆ ಇಲ್ಲಿಗೆ ಸಾಕು ಅಂತ ನನ್ನ ಅಭಿಪ್ರಾಯ."

"ಆಲೋಚನೆ ಮಾಡಿ ಹೇಳ್ತೆ" ಎಂದು ಬಂದೆ. ಆಲೋಚಿಸುವುದೇನೂ ಇರಲಿಲ್ಲ, ಹದಿನೆಂಟೂ ಆಗಲೇಬೇಕು.

ಮೊಮ್ಮಗಳು ನಿಶಾ ಕ್ಯಾಲೆಂಡರಿನ ಎದುರು ನಿಂತು ನಕ್ಕಳು. "ಅಜ್ಜಿ, ಇದು ಶಾಲೆ ಹಾಜರಿ ಪುಸ್ತಕ ಅಲ್ಲ. ಪೂರಾ ಹಾಜರಿಗೆ ಇಲ್ಲಿ ಯಾರೂ ಬಹುಮಾನ ಕೊಡುದಿಲ್ಲ."

"ಕಟ್ಟೆ ಅರ್ಧಕ್ಕೆ ಬಿಟ್ಟಿದ್ರೆ ಊರು ಉಣ್ತಿತ್ತೇನೇ?"

"ಎಷ್ಟೆತ್ತರ ಕಟ್ಟುದು ಅಂತಿತ್ತು?"

"ನಾಕು ಮೊಳ."

"ಕಟ್ಟಿದ್ದು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕಟ್ಟೆ ಕೆಲಸದ ಕೊನೆಯ ಸಂಜೆ ಮತ್ತೊಂದು ಬುಟ್ಟಿ ಎತ್ತಿದ್ದೆ. ಕಟ್ಟೆ ಕಾಯುವ ಮುದುಕ ಕುಪ್ಪ ಹಸಿಮಣ್ಣಿಗೆ ಅಂಗೈಯೊತ್ತಿ ನೋಡಿ ಅಡ್ಡ ನಿಂತ. "ಸಾಕು ಮಾಡಿ ಅಕ್ಕೋರೆ. ಕಟ್ಟೆ ಬೆವರ್ತಾ ಅದೆ. ಇನ್ನು ಹೇರಿದ್ರೆ ಹೊಳೆ ಬರುದೇ ಬೇಡ, ನಿಮ್ಮ ಬುಟ್ಟಿಯೇ ಅದ್ನ ಕೆಡಗ್ತದೆ." ಸಿಟ್ಟಿನಿಂದ ಬುಟ್ಟಿ ಎಸೆದೆ. ಭರತ ಬಂತು, ಕಟ್ಟೆಯ ತಲೆಗಿಂತ ನಾಲ್ಕು ಬೆರಳು ಕೆಳಗೆ ನಿಂತು, ಇಳಿದುಹೋಯಿತು.

"ಮೂರೂವರೆ" ಎಂದೆ. "ಕಟ್ಟೆ ಕಾಯು ಕುಪ್ಪ ಅಲ್ಲಿಗೇ ಸಾಕು ಮಾಡ್ಸಿದ."

ನಿಶಾ ನಗಲಿಲ್ಲ. ನಾನೆದ್ದು, ಉಳಿದ ಒಂಬತ್ತು ಚೌಕಗಳ ಮೇಲೆ ಒಂದೇ ಗೀರೆಳೆದೆ. ವೈದ್ಯರಿಗೆ ಫೋನು ಹಚ್ಚಲು ಹೇಳಿದೆ. ಅವಳು ಫೋನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕೂತಳು.

"ಹಚ್ತೆ ಅಜ್ಜಿ. ಅದಕ್ಕೂ ಮೊದ್ಲು ಆ ಕಟ್ಟೆ ಕತೆ ಇನ್ನೊಂದ್ಸಲ ಹೇಳು. ಈ ಸಲ ಕುಪ್ಪಜ್ಜನ್ನ ಬಿಡ್ಬೇಡ."