ಒಡೆಯುವ ವಸ್ತು, ಜೋಪಾನ

ಅಜ್ಜಿಗೆ ಕೋಪ ಮೂಗಿನ ತುದೀಲೇ ಅಂತ ಇಡೀ ಬೀದಿಗೆ ಗೊತ್ತು. ಅದೇ ಬೀದಿಯ ಮೂಲೆಯಲ್ಲಿ ನಲವತ್ತು ವರ್ಷ ಇಸ್ತ್ರಿ ಹಾಕಿದವಳು. ಕೆಂಡ ತುಂಬಿದ ಏಳು ಕಿಲೋ ಪೆಟ್ಟಿಗೆಯನ್ನು ದಿನವಿಡೀ ಎತ್ತಿ ಇಳಿಸಿದವಳು. ಆದರೆ ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಬಂದ ಸಿಟ್ಟೇ ಬೇರೆ. ಆ ಕಡೆ ಹನ್ನೆರಡು ವರ್ಷದ ಮೊಮ್ಮಗಳು, ಈ ಕಡೆ ಅಳಿಯ, ಅಳಿಯನ ಜೇಬಿನಲ್ಲಿ ಒಂದು ಕಾಗದ.

ಆ ಕಾಗದ ಶಾಲೆಗೆ ಕೊಡುವ ಅರ್ಜಿ. ಹುಡುಗಿ ಶಾಲೆ ಮುಗಿಸುವವರೆಗೂ ಆಟದ ಪೀರಿಯಡ್ ಬೇಡ, ಮೆಟ್ಟಿಲು ಹತ್ತಿಸಬೇಡಿ, ಲಿಫ್ಟಿನಲ್ಲೇ ಬಿಡಿ ಅಂತ. ಡಾಕ್ಟರ ಸಹಿ ಒಂದು ಬಿದ್ದರೆ ಆಯಿತು, ಹುಡುಗಿ ಕುರ್ಚಿಗೆ ಖಾಯಂ.

ಅಳಿಯನಿಗೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ. ಗಾಜಿನ ಸಾಮಾನಿಗೆ ಹುಲ್ಲು ಸುತ್ತಿ, ‘ಒಡೆಯುವ ವಸ್ತು, ಜೋಪಾನ’ ಅಂತ ಕೆಂಪು ಚೀಟಿ ಅಂಟಿಸೋದು. ಮನೆಯಲ್ಲೂ ಅದೇ ಕಸುಬು. ಮಗು ಏಳು ತಿಂಗಳಿಗೇ ಹುಟ್ಟಿತು, ನಿಜ. ಉಳಿಯುತ್ತೋ ಇಲ್ಲವೋ ಅಂತ ಇವನು ನಿದ್ದೆಗೆಟ್ಟ, ಅದೂ ನಿಜ. ಹಾಗಂತ ಹನ್ನೆರಡು ವರ್ಷವೇ? ಓಡಬೇಡ, ಬೀಳ್ತೀಯ. ಹತ್ತಬೇಡ, ಜಾರ್ತೀಯ. ಬ್ಯಾಗ್ ಕೊಡು, ನಾನು ಹೊರ್ತೀನಿ. ಶಾಲೆ ಎರಡು ಬೀದಿ ಆಚೆ, ಅಲ್ಲಿಗೂ ಸ್ಕೂಟರ್. ಇಷ್ಟೆಲ್ಲ ಮಾಡಿ ಆದದ್ದೇನು, ಮಣ್ಣು! ಹುಡುಗಿ ನಡುಮನೆಯ ಚಾಪೆಗೆ ಎಡವಿ ಅಂಗೈ ಊರಿದಳು, ಮಣಿಕಟ್ಟು ಲಟಕ್ ಅಂತು. ಎರಡು ವರ್ಷದಲ್ಲಿ ಇದು ಎರಡನೇ ಸಲ.

ಆರು ವಾರದ ಪ್ಲಾಸ್ಟರನ್ನು ಅವತ್ತು ಬೆಳಗ್ಗೆ ಕತ್ತರಿಸಿ ತೆಗೆದಿದ್ದರು. ಅಜ್ಜಿಯೂ ಹಿಂದಿನ ದಿನ ಅಂಗಡಿಯ ಮುಂದೆ ಜಾರಿ ಬಿದ್ದು ಮುಂಗೈ ಊದಿಸಿಕೊಂಡಿದ್ದಳು. ಹಾಗಾಗಿ ಇಬ್ಬರ ಕೈಗೂ ಎಕ್ಸ್‌ರೇ. ಫಿಲ್ಮುಗಳು ಅಳಿಯನ ಕೈಗೆ ಬಂದವು. ಕವರಿನ ಮೇಲೆ ಯಾರ ಹೆಸರಿದೆ ಅಂತ ಓದುವ ತಾಳ್ಮೆ ಆ ಮಹಾಶಯನಿಗೆಲ್ಲಿ? ಒಂದನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದ.

“ನೋಡಿ ಅತ್ತೆ, ಎಲುಬು ಹೇಗೆ ಸವೆದು ಹೋಗಿದೆ! ಈ ವಯಸ್ಸಲ್ಲಿ ಪೆಟ್ಟಿಗೆ ಎತ್ತಬೇಡಿ ಅಂತ ಬಡ್ಕೊಂಡೆ. ನಾಳೆಯಿಂದ ಅಂಗಡಿ ಮುಚ್ಚಿಬಿಡಿ.”

ಅಜ್ಜಿ ಊದಿದ ಮುಂಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಒಳಗೆ ಡಾಕ್ಟರಮ್ಮ ಎರಡು ಫಿಲ್ಮನ್ನೂ ದೀಪದ ಹಲಗೆಗೆ ಸಿಕ್ಕಿಸಿದರು. “ಅತ್ತೆಯದು ತುಂಬಾ ಸವೆದಿದೆ ಅಲ್ವಾ ಡಾಕ್ಟರೇ?” ಅಂತ ಅಳಿಯ ಬೆರಳು ತೋರಿಸಿದ.

“ಅದು ಅಜ್ಜಿದಲ್ಲ. ನಿಮ್ಮ ಮಗಳದ್ದು.”

ಅಳಿಯನ ಮುಖ ಇಂಗು ತಿಂದ ಮಂಗನ ಹಾಗಾಯಿತು.

“ಅಜ್ಜಿದು ಇದು, ಬರೀ ಉಳುಕು. ಏನು ಕೆಲಸ ಅಜ್ಜಿ ನಿಮ್ಮದು? ಇಸ್ತ್ರಿಯಾ? ಹಾಗೆ ಹೇಳಿ! ಎಲುಬಿನ ಮೇಲೆ ಭಾರ ಬಿದ್ದರೆ ಅದು ಗಟ್ಟಿಯಾಗುತ್ತೆ. ಕೂರಿಸಿಟ್ಟರೆ ಅದೂ ಸೋಮಾರಿಯಾಗುತ್ತೆ. ಮಗು ರಕ್ತ ಸರಿಯಿದೆ, ಊಟ ಸರಿಯಿದೆ, ಕಾಯಿಲೆ ಏನೂ ಇಲ್ಲ. ಮುರಿದದ್ದೂ ಕೂಡಿದೆ. ಈ ಎಲುಬಿಗೆ ಕೆಲಸವೇ ಸಿಕ್ಕಿಲ್ಲ, ಅಷ್ಟೆ. ಕೈ ಒಂದು ತಿಂಗಳು ಹುಷಾರು. ಕಾಲಿಗೇನಾಗಿದೆ? ಇವತ್ತಿಂದಲೇ ನಡೀಲಿ, ಹತ್ತಲಿ, ಹಾರಲಿ. ಎಲುಬು ತುಂಬಿಕೊಳ್ಳೋ ವಯಸ್ಸು ಇದೇ. ಈಗ ಕಳ್ಕೊಂಡದ್ದು ಆಮೇಲೆ ಅಷ್ಟು ಸುಲಭಕ್ಕೆ ಸಿಗಲ್ಲ.”

ಇಷ್ಟು ಕೇಳಿಯೂ ಆ ಪುಣ್ಯಾತ್ಮ ಜೇಬಿನಿಂದ ಅರ್ಜಿ ತೆಗೆದ! “ಇಷ್ಟು ತೆಳ್ಳಗಿದ್ರೆ ಇನ್ನೂ ಜೋಪಾನ ಮಾಡಬೇಕಲ್ವಾ ಡಾಕ್ಟರೇ?”

ಅಜ್ಜಿಯ ಪಿತ್ತ ನೆತ್ತಿಗೇರಿತು.

“ಜೋಪಾನ! ಮಗಳನ್ನ ಸಾಕು ಅಂದ್ರೆ ಪಾರ್ಸೆಲ್ ಕಟ್ಟಿಟ್ಟಿದ್ದೀಯಲ್ಲಯ್ಯಾ! ಹಣೆಗೆ ಕೆಂಪು ಚೀಟಿ ಅಂಟಿಸೋದೊಂದು ಬಾಕಿ!” ಅರ್ಜಿ ಕಿತ್ತುಕೊಂಡು, ಊದಿದ ಕೈಯಲ್ಲೇ ನಾಲ್ಕು ಚೂರು ಮಾಡಿದಳು. ಕೈ ಚುರ್ರೆಂದಿತು, ಲೆಕ್ಕಕ್ಕೆ ತಗೊಳ್ಳಲಿಲ್ಲ. ಅದಕ್ಕಿಂತ ಹೆಚ್ಚು ಉರಿದದ್ದು ಬೇರೆ. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿ ಆರು ವರ್ಷದಿಂದ ಕೂತದ್ದು ಯಾರ ಅಂಗಡಿಯ ಸ್ಟೂಲಿನ ಮೇಲೆ? “ಅಲ್ಲಾಡಬೇಡ, ಕೆಂಡ ಇದೆ” ಅಂತ ದಿನಾ ಗದರಿದ ಬಾಯಿ ಯಾರದು? ಆ ಸ್ಟೂಲನ್ನು ಇವತ್ತೇ ಒಲೆಗೆ ಹಾಕ್ತೀನಿ ಅಂದುಕೊಂಡಳು.

ಆಸ್ಪತ್ರೆಯ ಬಾಗಿಲಲ್ಲಿ ಮೂರು ಮೆಟ್ಟಿಲು. ಕೊನೆಯ ಮೆಟ್ಟಿಲ ಮೇಲೆ ಅಜ್ಜಿ ಮೊಮ್ಮಗಳನ್ನು ನಿಲ್ಲಿಸಿದಳು.

“ಹಾರೇ.”

ಹುಡುಗಿ ಕೆಳಗೆ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು. “ಎರಡು ಕಾಲೂ ಒಟ್ಟಿಗೇ ಎತ್ತಬೇಕಾ ಅಜ್ಜಿ? ಹೇಗೆ ಎತ್ತೋದು?”

ಹನ್ನೆರಡು ವರ್ಷದ ಹುಡುಗಿ ಕೇಳುವ ಮಾತೇ ಇದು! ಅಜ್ಜಿ ಚಪ್ಪಲಿ ಬಿಟ್ಟು, “ಅತ್ತೇ!” ಅಂತ ಅಳಿಯ ಕಿರುಚುವಷ್ಟರಲ್ಲಿ ಧೊಪ್ಪನೆ ಹಾರಿ ನಿಂತಳು.

“ಹೀಗೆ.”

ಅಳಿಯ ಓಡಿ ಬಂದು ಮೆಟ್ಟಿಲಿನ ಬುಡದಲ್ಲಿ ಎರಡು ಕೈಯನ್ನೂ ಚಾಚಿ ನಿಂತ. ಹುಡುಗಿ ಒಂದು ಕ್ಷಣ ಆ ಕೈಗಳನ್ನೇ ನೋಡಿದಳು. ಆಮೇಲೆ ಥೇಟ್ ಅಜ್ಜಿಯ ದನಿಯಲ್ಲೇ ಗದರಿದಳು.

“ಅಪ್ಪಾ, ಅಡ್ಡ ನಿಂತಿದ್ದೀಯ. ಪಕ್ಕಕ್ಕೆ ಸರಿ.”

ಅವನು ಸರಿದ. ಅವಳು ಹಾರಿದಳು.