ಕೆಂಪು ಬೆಣೆ

ಪರದೆಯ ಅಂಚು ಅಲುಗಾಡಿತು, ಗಾಳಿಯಿರಬೇಕು, ಅಲ್ಲ, ಯಾರೋ ಬರುತ್ತಿದ್ದಾರೆ, ಮಕ್ಕಳ ಹಾಡು ಮುಗಿಯಿತಲ್ಲ, ಇನ್ನು ವಂದನೆ ಹೇಳಿ ಮನೆಗೆ ಕಳಿಸುತ್ತಾರೆ, ಅಂದುಕೊಂಡು ಅವಳು ಕಾಲಿನಲ್ಲೇ ಚಪ್ಪಲಿಗೆ ತಡಕಾಡಿದಳು — ಬಂದದ್ದು ಒಂದು ಬಿಳಿ ತಲೆ, ಬಾಗಿದ ಬೆನ್ನು, ಕಂದು ಕೋಟು, ಅಯ್ಯೋ ಅವರೇ, ಒಂಬತ್ತು ವರ್ಷದಿಂದ ಯಾವ ವೇದಿಕೆಯನ್ನೂ ಹತ್ತದ ಆ ದೊಡ್ಡ ಪಿಯಾನೊ ವಾದಕರೇ, ಅಪ್ಪನ ಕೆಲಸದ ಕೋಣೆಯ ಗೋಡೆಯಲ್ಲಿ ಹಳದಿಗಟ್ಟಿರುವ ಫೋಟೋದವರೇ, ಸುಟ್ಟುಹೋದ ಗ್ರಂಥಾಲಯವನ್ನು ಮತ್ತೆ ಕಟ್ಟಲೆಂದು ಶಾಲೆಯ ಸಭಾಂಗಣದಲ್ಲಿ ಇಟ್ಟುಕೊಂಡ ಈ ಪುಟ್ಟ ಸಹಾಯಾರ್ಥ ಕಾರ್ಯಕ್ರಮಕ್ಕೆ, ಹೇಳದೆ ಕೇಳದೆ. ಸಭೆಗೆ ಸಭೆಯೇ ಎದ್ದು ನಿಂತಿತು, ಪಕ್ಕದಲ್ಲಿ ಅಪ್ಪನೂ ಮಂಡಿನೋವು ಮರೆತು ಎದ್ದ, ಅವರು ಕೈಯೆತ್ತಿ, ಕೂತ್ಕೊಳ್ಳಿ ಕೂತ್ಕೊಳ್ಳಿ, ಈ ಲೈಬ್ರರಿಯಿಂದ ಚಿಕ್ಕವನಿದ್ದಾಗ ಒಂದು ಪುಸ್ತಕ ತಗೊಂಡೋನು ವಾಪಸ್ ಕೊಟ್ಟೇ ಇಲ್ಲ, ಆ ಪಾಪ ಕಳ್ಕೊಳ್ಳೋಕೆ ಬಂದೆ, ಜನ ಬಿದ್ದು ಬಿದ್ದು ನಕ್ಕರು, ಮತ್ತು ಅವರು ಹೋಗಿ ಕೂತದ್ದು ಅವಳ ಪಿಯಾನೊ ಮುಂದೆ.

ಶಾಲೆಯದ್ದಾದರೂ ಅವಳದ್ದೇ, ಹೊಸದನ್ನು ಬಾಡಿಗೆಗೆ ತರಿಸೋಣ ಎಂದು ಸಮಿತಿಯವರು ಪಟ್ಟು ಹಿಡಿದಾಗ, ಈ ಮುದುಕೀನ ನಾನು ಹಾಡಿಸ್ತೀನಿ ನೋಡ್ತಿರಿ ಎಂದು ಎದೆ ತಟ್ಟಿ ಹೇಳಿದವಳು, ಮೂರು ದಿನ ಬೆನ್ನು ಬಗ್ಗಿಸಿ ಇನ್ನೂರು ಚಿಲ್ಲರೆ ತಂತಿಗಳನ್ನು ಶ್ರುತಿಗೆ ತಂದವಳು, ಮೇಲಿನ ಸ್ವರಗಳಿಗೆ ಒಂದಕ್ಕೆ ಮೂರು ತಂತಿ, ಎರಡರ ಬಾಯಿ ಮುಚ್ಚಿಸಿ ಒಂದನ್ನು ಮಾತಾಡಿಸಬೇಕು, ಬಾಯಿ ಮುಚ್ಚಿಸಲು ನಡುವೆ ಸಿಕ್ಕಿಸುವುದು ಕೆಂಪು ಉಣ್ಣೆಯ ಬೆಣೆ, ಒಟ್ಟು ಆರು, ಕೆಲಸ ಮುಗಿಸಿ ಏಳೋ ಮುಂಚೆ ಬೆಣೆ ಎಣಿಸು, ಅಪ್ಪ ಕಲಿಸಿದ ಮೊದಲ ಪಾಠ, ಇವತ್ತೂ ಬಾಗಿಲಲ್ಲೇ ಕೇಳಿದ್ದ, ಎಣಿಸಿದ್ಯಾ, ಹೂಂ ಅಪ್ಪಾ ಎಷ್ಟು ಸಲ ಕೇಳ್ತೀಯ — ಎಣಿಸಿದೆನೆ? ಕೆಲಸ ಮುಗಿಯುವ ಹೊತ್ತಿಗೆ ವೇದಿಕೆಯ ದೀಪದವನು ತಲೆ ತಿಂದಿದ್ದ, ಅಕ್ಕಾ ಬೇಗ, ಜನ ಒಳಗೆ ಬರ್ತಿದಾರೆ. ಕೈ ತಾನಾಗಿ ಚೀಲಕ್ಕೆ ಇಳಿಯಿತು, ಒಂದು, ಎರಡು, ಮೂರು, ನಾಲ್ಕು, ಐದು, ಚೀಲದ ಮೂಲೆ, ಬರೀ ಧೂಳು, ಮತ್ತೆ ಒಂದರಿಂದ. ಮಕ್ಕಳಿಗೆ ನುಡಿಸಿಕೊಟ್ಟ ಟೀಚರ ಕೈ ಅಷ್ಟು ಮೇಲಿನ ಸ್ವರಕ್ಕೆ ಹೋಗಲೇ ಇಲ್ಲ, ಇವರ ಕೈ ಹೋಗುತ್ತದೆ, ಹೋಗುತ್ತಿದೆ, ಆಹಾ ಮುದುಕಿ ಎಷ್ಟು ಚೆನ್ನಾಗಿ ಹಾಡುತ್ತಿದ್ದಾಳೆ, ಕೆಳಗಿನ ಸ್ವರಗಳು ಎದೆಗೇ ಬಂದು ಕೂರುತ್ತಿವೆ, ಇದು ನನ್ನ ಕೈಯ ಕೆಲಸ, ಇನ್ನೂ ಮೇಲೆ, ಬೇಡ ಸಾರ್, ಅಲ್ಲಿಗೆ ಬೇಡ — ಟುಕ್.

ಮೂಗು ಕಟ್ಟಿದವರ ಸದ್ದು, ಮೂರು ತಂತಿಯಲ್ಲಿ ಎರಡರ ಬಾಯಿ ಇನ್ನೂ ಮುಚ್ಚಿದೆ. ಅವರು ನಿಂತರು, ಅದೇ ಕೀ ಮತ್ತೊಮ್ಮೆ ಒತ್ತಿದರು, ಟುಕ್, ಅವರಿಗೆ ಗೊತ್ತಾಗಿದೆ, ಆ ಕಿವಿಗೆ ಗೊತ್ತಾಗದೆ ಇರುತ್ತದೆಯೆ, ಆದರೂ ಸಭೆಯ ಕಡೆ ತಿರುಗಿ ನಕ್ಕು, ಬೆರಳಿಗೆ ವಯಸ್ಸಾಯ್ತು ನೋಡಿ, ಅಂದುಬಿಟ್ಟರು, ತಮ್ಮ ತಲೆ ಮೇಲೇ ಹಾಕಿಕೊಂಡರು, ಹಿಂದಿನ ಸಾಲಿನಲ್ಲಿ ಯಾರೋ, ಪಾಪ, ಕೈ ನಿಲ್ತಾ ಇಲ್ಲ, ಬರಬಾರದಿತ್ತು ಅಂದರು, ಪಾಪವಂತೆ, ಅವರಿಗೆ ಪಾಪವೆ! ಸುಮ್ಮನಿದ್ದರೆ ಅವಳ ಹೆಸರು ಉಳಿಯುತ್ತದೆ, ಪಕ್ಕದಲ್ಲಿ ಅಪ್ಪ ಉಸಿರು ಬಿಗಿಹಿಡಿದಿದ್ದಾನೆ, ಜನ್ಮದಲ್ಲಿ ಅವಳ ಕೆಲಸಕ್ಕೆ ಪರವಾಗಿಲ್ಲ ಅನ್ನುವುದಕ್ಕಿಂತ ಹೆಚ್ಚಿಗೆ ಹೇಳದ ಅಪ್ಪ, ಒಂದು ಚಪ್ಪಲಿ ಸಿಗಲೇ ಇಲ್ಲ, ಎದ್ದೇಬಿಟ್ಟಳು, ತಪ್ಪು ನಿಮ್ದಲ್ಲ ಸಾರ್, ನಂದು, ಒಳಗೆ ಬೆಣೆ ಬಿಟ್ಟಿದೀನಿ, ಅವಳ ದನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಎಲ್ಲ ತಲೆಗಳೂ ತಿರುಗಿದವು. ಅವರು ಎದ್ದು ಬಾಗಿ ತಂತಿಗಳ ನಡುವಿನಿಂದ ಅದನ್ನು ಕಿತ್ತು ಬೆಳಕಿಗೆ ಹಿಡಿದರು, ಇನ್ನೂರು ತಂತಿ ಇಷ್ಟು ಚೊಕ್ಕವಾಗಿ ಕೂಡಿಸಿದೋರು ಇದೊಂದು ಮರೀಬಹುದು ತಾಯಿ, ನನ್ನ ಹತ್ರಾನೇ ಇರ್ಲಿ, ಕೋಟಿನ ಎದೆ ಜೇಬಿಗೆ ಸಿಕ್ಕಿಸಿಕೊಂಡು ಕೂತರು, ಅದೇ ಸ್ವರದಿಂದ ಶುರುಮಾಡಿದರು, ಮೂರೂ ತಂತಿ ಒಂದೇ ಗಂಟಲಲ್ಲಿ, ಮತ್ತು ಅಪ್ಪ ಹಿಂದಿನ ಸಾಲಿಗೆ ತಿರುಗಿ, ನನ್ನ ಮಗಳು, ಏನು ಹೇಳಿದ, ಕೇಳಿಸಿತೆ, ನನ್ನ ಮಗಳು ರೀ ಅವಳು, ಮತ್ತೊಮ್ಮೆ ಹೇಳುತ್ತಿದ್ದಾನೆ, ಅವಳ ಕಣ್ಣು ಮಂಜಾಗಿದೆ, ವೇದಿಕೆಯೂ ಕಾಣುತ್ತಿಲ್ಲ, ಕೈಗಳೂ ಕಾಣುತ್ತಿಲ್ಲ, ಕಾಣುವುದೊಂದೇ, ಕಂದು ಕೋಟಿನ ಜೇಬಿನಿಂದ ಇಣುಕಿ ಅವರ ಉಸಿರಿನ ಜೊತೆ ಏರಿ ಇಳಿಯುತ್ತಿರುವ ಆ ಕೆಂಪು, ಆರನೆಯದು, ಆ ಕೆಂಪು ಬೆಣೆ.